ಎಂಟನೆಯ ವ್ಯಸನ

ನಮ್ಮ ಪೂರ್ವಿಕರು ಮನುಷ್ಯನನ್ನು ಕೆಡಿಸುವ ವ್ಯಸನಗಳು ಏಳೆಂದು ಎಣಿಸಿ, ಅವಕ್ಕೆ ಸಪ್ತವ್ಯಸನಗಳೆಂದು ಹೆಸರಿಟ್ಟರು. ಜೂಜು, ಕುಡಿತ, ಬೇಟೆ, ಕಳವು ಮೊದಲಾದುವು ಆ ಪಟ್ಟಿಯಲ್ಲಿ ಸೇರಿವೆ. ಆ ಪಟ್ಟಿಯನ್ನು ಮಾಡಿದ ಕಾಲದಲ್ಲಿ ಗ್ರಂಥವೆಂದರೆ ತಾಳೆಯೋಲೆಯ ಕಟ್ಟು. ಒಂದು ಪ್ರತಿಯನ್ನು ಬರೆಯಿಸಿಕೊಳ್ಳಬೇಕಾದರೆ ಲಿಪಿಕಾರನಿಗೆ ಬಹುದಿನ ಅನ್ನವಿಕ್ಕಬೇಕಾಗಿತ್ತು. ಆದಕಾರಣ ಕಂಡಕಂಡಲ್ಲಿ ಪುಸ್ತಕವನ್ನು ಕೊಳ್ಳುವ ಚಟವೊಂದು ಮುಂದೆ ಹುಟ್ಟಬಹುದೆಂದು ಆ ಹಿರಿಯರಿಗೆ ತೋರಿರಲಾರದು. ಅಚ್ಚಿನ ಯಂತ್ರವು ನಮ್ಮ ನಾಡಿಗೆ ಬಂದ ಮೇಲೆ ಆ ಪಟ್ಟಿಗೆ ಎಂಟನೆಯದೊಂದು ಸೇರಬೇಕಾಯಿತು. ಉಳಿದ ಏಳನ್ನು ಜನರು ಮರೆಯಲ್ಲಿ ನಡೆಯಿಸುವರು. ಈ ಎಂಟನೆಯದನ್ನು ಮಾತ್ರ ನಡುಮನೆಯಲ್ಲಿ ಸಾಲಾಗಿ ಜೋಡಿಸಿ, ಬಂದವರಿಗೆ ತೋರಿಸಿ, ಸಂತೋಷಪಡುವರು. ನಾವು ಈ ಪಂಗಡಕ್ಕೆ ಸೇರಿ ಐವತ್ತು ವರ್ಷಗಳ ಮೇಲಾಯಿತು. ಇದರ ಸುಖದುಃಖಗಳನ್ನು ಬಲ್ಲೆವಾದುದರಿಂದ, ಗೃಹಸ್ಥರಾದ ವಾಚಕರ ಮುಂದೆ ನಾಲ್ಕು ಮಾತುಗಳನ್ನು ಇಡುವ ಧೈರ್ಯಮಾಡಿದ್ದೇವೆ.

ಓದುವ ಚಟ ಬೇರೆ, ಕೊಳ್ಳುವ ಚಟ ಬೇರೆ. ಲೋಕದವರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ನಮ್ಮ ಅನುಭವದಲ್ಲಿ ಇವು ಒಂದು ಮನೆಗೆ ಬಂದ ಓರಗಿತ್ತಿಯರಂತೆ. ಒಟ್ಟಿಗೆ ಬಾಳುವರು, ಆದರೆ ಇಬ್ಬರ ಲೆಕ್ಕ ಬೇರೆಬೇರೆ. ಓದಿಗೆ ಹೊತ್ತು ಬೇಕು, ಕಣ್ಣು ಬೇಕು, ನೆಮ್ಮದಿ ಬೇಕು. ಕೊಳ್ಳುವುದಕ್ಕೆ ಜೇಬಿನಲ್ಲಿ ಹಣವೂ ಅಂಗಡಿಯ ಬಾಗಿಲೂ ಇದ್ದರೆ ಸಾಕು. ಒಂದು ಪುಸ್ತಕವನ್ನು ಕೊಳ್ಳಲು ಐದು ನಿಮಿಷ ಹಿಡಿದರೆ ಓದಲು ಐದು ದಿವಸ ಹಿಡಿಯುವುದು. ಈ ಎರಡರ ಅಂತರವೇ ದಿನದಿನಕ್ಕೆ ಬೆಳೆದು, ಕಪಾಟನ್ನು ತುಂಬಿ, ಮಂಚದ ಕೆಳಕ್ಕೆ ಇಳಿದು, ಕೊನೆಗೆ ಅಟ್ಟವನ್ನು ಹತ್ತುವುದು. ಓದದೆ ಉಳಿದು ಗುಡ್ಡೆಯಾದ ಪುಸ್ತಕಗಳ ಸಂಗತಿಗೆ ಜಪಾನೀಯರು ತ್ಸುಂದೊಕು ಎಂಬ ಪದವನ್ನೇ ಮಾಡಿಕೊಂಡಿರುವರು. ಬೇರೊಂದು ಭಾಷೆಯಲ್ಲಿ ನಮ್ಮ ರೋಗಕ್ಕೆ ಹೆಸರಿದೆಯೆಂದು ತಿಳಿದಾಗ ನಮಗೆ ದೂರದ ನೆಂಟರೊಬ್ಬರು ಸಿಕ್ಕಿದಷ್ಟು ಸಮಾಧಾನವಾಯಿತು.

ನಾವು ವಾಸಿಸುವ ಊರಿಗಾಂ ಪುಸ್ತಕಕ್ಕೆ ಹೆಸರಾದ ಊರಲ್ಲ. ಚಿನ್ನಕ್ಕೆ ಹೆಸರಾದ ಊರು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹೋಗುವ ಹದಿನಾರು ಕಿಲೋಮೀಟರಿನ ಕವಲುಹಳಿಯ ಮೇಲೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಸ್ಟೇಷನ್ನುಗಳು ಒಂದರ ಹಿಂದೊಂದು ಬರುವುವು. ಜಾನ್ ಟೇಲರ್ ಮತ್ತು ಮಕ್ಕಳು ಎಂಬ ಲಂಡನ್ನಿನ ಕಂಪೆನಿಯವರು ೧೮೮೦ರಲ್ಲಿ ಇಲ್ಲಿ ಕಾಲಿಟ್ಟರು. ೧೯೦೨ರಲ್ಲಿ ಶಿವನಸಮುದ್ರದಿಂದ ತಂತಿಯ ಮೇಲೆ ವಿದ್ಯುತ್ತು ಇಲ್ಲಿಗೆ ಬಂದಿತು. ಗಣಿಯು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಸುಮಾರು ೧೨೦ ವರ್ಷಗಳಲ್ಲಿ ಈ ನೆಲದಿಂದ ಹೊರಬಿದ್ದ ಚಿನ್ನ ಸುಮಾರು ೮೦೦ ಟನ್ನು ಎನ್ನುವರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಯ ಬಾಗಿಲನ್ನು ಮುಚ್ಚಲಾಯಿತು. ನಮ್ಮ ಮನೆಯಾಕೆ ಇದನ್ನೆಲ್ಲ ಒಂದೇ ವಾಕ್ಯದಲ್ಲಿ ಅಡಗಿಸಿ ಹೇಳುವಳು: “ಏನೂಂದ್ರೆ, ಈ ಊರಿನವರು ನೂರು ವರ್ಷ ಚಿನ್ನ ತೆಗೆದರು, ನಮ್ಮ ಮನೆಗೆ ಬಂದದ್ದು ಮಾತ್ರ ಬರೀ ಕಾಗದ ನೋಡಿ.”

ಆದರೆ ಈ ಗಣಿಯ ಸೀಮೆಯಲ್ಲಿ ಓದು ಇರಲಿಲ್ಲವೆಂದು ಯಾರೂ ತಿಳಿಯಬಾರದು. ನೆಲದ ಕೆಳಗೆ ಇಳಿದು ದುಡಿದವರಲ್ಲಿ ಬಹುಪಾಲು ತಮಿಳು ಮಾತನಾಡುವ ಬಡಜನರು. ಮದರಾಸಿನಿಂದ ಅಯೋತ್ತಿದಾಸ ಪಂಡಿತರು ೧೯೦೭ರಲ್ಲಿ ಹೊರಡಿಸಿದ ವಾರಪತ್ರಿಕೆಯನ್ನು, ಅವರು ಬೋಧಿಸಿದ ಬೌದ್ಧಧರ್ಮವನ್ನು ಈ ಜನರು ಆದರದಿಂದ ಬರಮಾಡಿಕೊಂಡರು. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧಸಂಘಗಳು ಎದ್ದುವು. ಪಂಡಿತರು ೧೯೧೪ರಲ್ಲಿ ತೀರಿಕೊಂಡ ಮೇಲೆ ಅವರ ಗ್ರಂಥಗಳನ್ನು ಅಚ್ಚುಹಾಕಿಸಿ ಉಳಿಸಿದ್ದು ಚಾಂಪಿಯನ್ ರೀಫಿನ ಸಿದ್ಧಾರ್ಥ ಪುಸ್ತಕಶಾಲೆ. ಅಕ್ಷರ ಬಲ್ಲವನೊಬ್ಬನು ದೀಪದ ಮುಂದೆ ಕುಳಿತು ಗಟ್ಟಿಯಾಗಿ ಓದುವುದು, ಪಾಳಿ ಮುಗಿಸಿ ಬಂದ ಹತ್ತು ಮಂದಿ ಸುತ್ತ ಕುಳಿತು ಕೇಳುವುದು ಲೈನುಮನೆಗಳಲ್ಲಿ ರೂಢಿಯಾಗಿತ್ತೆಂದು ನಾವು ಹಿರಿಯರಿಂದ ಕೇಳಿದ್ದೇವೆ. ತುತ್ತು ಅನ್ನಕ್ಕಾಗಿ ಪಾತಾಳಕ್ಕೆ ಇಳಿಯುತ್ತಿದ್ದವರು ಪುಸ್ತಕಕ್ಕಾಗಿ ಕಾಸು ಕೊಟ್ಟರೆಂಬುದನ್ನು ನೆನೆದಾಗ, ಓದು ಉಂಡುತಿಂದವರ ವಿಲಾಸವೆಂದು ಹೇಳುವವರ ಮಾತು ನಮಗೆ ರುಚಿಸುವುದಿಲ್ಲ.

ಕನ್ನಡದ ಕಡೆಯಿಂದ ನೋಡಿದರೂ ನಮ್ಮ ಕೋಲಾರದ ಸೀಮೆ ಬಡವಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರು, ಅಲ್ಲಿಯ ವೆಂಕಟೇಶ ಅಯ್ಯಂಗಾರ್ಯರಿಂದ ನಾಡಿಗೆಲ್ಲ ತಿಳಿಯಿತು. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಜೀವನೋಪಾಯಕ್ಕಾಗಿ ಕೆಲಕಾಲ ಇದೇ ಚಿನ್ನದ ಗಣಿಯ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದರು. ಆಮೇಲೆ ಅವರು ಪಡೆದ ಪಾಂಡಿತ್ಯವೆಲ್ಲವೂ ಸ್ವಂತ ಓದಿನಿಂದ ಬಂದದ್ದು. ೧೯೪೫ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಪುಸ್ತಕಭಂಡಾರಕ್ಕೂ ಸ್ಥಾನವಿದೆ. ಪದವಿಯಿಲ್ಲದ ಮನುಷ್ಯನಿಗೆ ಪುಸ್ತಕವೇ ವಿಶ್ವವಿದ್ಯಾನಿಲಯವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಸೀಮೆಯವರಿಗೆ ಬೇಕಾಗಿಲ್ಲ.

ನಮಗೆ ಈ ಚಟವು ಬಂದದ್ದು ತಾಯಿಯವರಿಂದ. ನಮ್ಮ ತಂದೆಯವರು ಗಣಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸಂಬಳದಲ್ಲಿ ಪುಸ್ತಕಕ್ಕೆಂದು ಬಾಬು ಇರಲಿಲ್ಲ. ತಾಯಿಯವರು ನೆರೆಹೊರೆಯವರು ಓದಿ ಮುಗಿಸಿದ ಪ್ರಜಾಮತ, ಸುಧಾ ಪತ್ರಿಕೆಗಳನ್ನು ಕೇಳಿ ತಂದು, ಧಾರಾವಾಹಿಯ ಹಾಳೆಗಳನ್ನು ಕತ್ತರಿಯಿಂದ ಬಿಡಿಸಿ, ವಾರವಾರವೂ ಕೂಡಿಸಿಟ್ಟು, ಕಥೆ ಮುಗಿದ ಮೇಲೆ ದಬ್ಬಣದಿಂದ ಹೊಲಿದು, ಗೋಧಿಹಿಟ್ಟಿನ ಅಂಟಿನಿಂದ ಹಳೆಯ ಕ್ಯಾಲೆಂಡರಿನ ರಟ್ಟನ್ನು ಹಚ್ಚುತ್ತಿದ್ದರು. ನಡುವೆ ಒಂದು ವಾರದ ಸಂಚಿಕೆ ಸಿಕ್ಕದೆ ಹೋದರೆ ಅಲ್ಲಿ ಒಂದು ಬಿಳಿಯ ಹಾಳೆಯನ್ನು ಸೇರಿಸಿ, ಬೇರೆಯವರಿಂದ ಕೇಳಿ ತಿಳಿದ ಕಥೆಯನ್ನು ಅದರ ಮೇಲೆ ತಮ್ಮ ಕೈಯಿಂದಲೇ ಬರೆದಿಡುತ್ತಿದ್ದರು. ಆ ರೀತಿ ಕಟ್ಟಿದ ಇಪ್ಪತ್ತಮೂರು ಪುಸ್ತಕಗಳು ನಮ್ಮಲ್ಲಿ ಇಂದಿಗೂ ಇವೆ.

ಕನ್ನಡಿಗರಿಗೆ ಪುಸ್ತಕದ ರುಚಿ ಹತ್ತಿಸಿದ ಮಹನೀಯರ ಶ್ರಮವನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಮನೆಯೊಳಗಿನ ಹೆಣ್ಣುಮಕ್ಕಳೂ ಬಚ್ಚಿಟ್ಟು ಓದುವಂತೆ ಮಾಡಿದರು. ಉತ್ತರ ಕರ್ನಾಟಕದ ಗಳಗನಾಥರು (೧೮೬೯–೧೯೪೨) ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು, ಊರೂರು ತಿರುಗಿ, ಮನೆಯ ಬಾಗಿಲಿಗೆ ಹೋಗಿ ಮಾರಿದರು. ಧಾರವಾಡದ ಮನೋಹರ ಗ್ರಂಥಮಾಲೆಯು ೧೯೩೩ರಲ್ಲಿ ಹುಟ್ಟಿ, ಚಂದಾದಾರರಿಂದ ಹಣ ಕೂಡಿಸಿ ಅವರಿಗೆ ಪುಸ್ತಕ ಮುಟ್ಟಿಸುವ ಕ್ರಮವನ್ನು ನಡೆಯಿಸಿತು. ನಾವು ಒಂದು ಕನ್ನಡ ಪುಸ್ತಕವನ್ನು ಕೊಳ್ಳುವಾಗ ಗಳಗನಾಥರ ಹೆಗಲ ಹೊರೆ ಒಂದು ತೂಕವಾದರೂ ಇಳಿಯಿತೆಂದು ಎಣಿಸುವುದುಂಟು. ಇದು ಚಟಗಾರನು ತನ್ನ ಚಟಕ್ಕೆ ಕೊಡುವ ನೆಪವೆಂದು ನಮ್ಮ ಮನೆಯಾಕೆಯ ಅಭಿಪ್ರಾಯ.

ಮುಂದೆ ನಮಗೆ ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ದೊರೆಯಿತು. ಮುಂಜಾನೆ ಊರಿಗಾಂ ಸ್ಟೇಷನ್ನಿನಲ್ಲಿ ರೈಲನ್ನು ಹತ್ತಿ, ರಾತ್ರಿ ಅಲ್ಲಿಯೇ ಇಳಿಯುವ ಬಾಳು. ಗಣಿ ಮುಚ್ಚಿದ ಮೇಲಂತೂ ಸಾವಿರಾರು ಮಂದಿ ಇದೇ ದಾರಿಯಿಂದ ಬೆಂಗಳೂರಿಗೆ ಹೋಗಿ ಅನ್ನ ಸಂಪಾದಿಸುವವರಾದರು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಕೆಲವರು ಇಸ್ಪೀಟಾಡುವರು, ಕೆಲವರು ಭಜನೆ ಹಾಡುವರು, ಹೆಂಗಸರು ಹೂ ಕಟ್ಟುವರು, ಸೊಪ್ಪು ಬಿಡಿಸುವರು. ಬಹುಮಂದಿ ನಿಂತಲ್ಲಿಯೇ ತೂಕಡಿಸುವರು. ನಾವು ಓದುತ್ತಿದ್ದೆವು. ದಿನಕ್ಕೆ ನಾಲ್ಕು ಗಂಟೆ, ವರ್ಷಕ್ಕೆ ೨೫೦ ದಿನ. ಒಟ್ಟು ಸಾವಿರ ಗಂಟೆ. ಗಂಟೆಗೆ ಮೂವತ್ತು ಪುಟವೆಂದರೆ ವರ್ಷಕ್ಕೆ ಮೂವತ್ತು ಸಾವಿರ ಪುಟ. ಬಂಗಾರಪೇಟೆಯಲ್ಲಿ ಗಾಡಿ ನಿಂತು ತಡವಾದರೆ ಉಳಿದವರು ರೈಲ್ವೆಯವರನ್ನು ಬಯ್ಯುತ್ತಿದ್ದರು. ನಾವು ಮತ್ತೊಂದು ಅಧ್ಯಾಯಕ್ಕೆ ಅವಕಾಶವಾಯಿತೆಂದು ಸುಮ್ಮನಿರುತ್ತಿದ್ದೆವು.

ಓದಿದಷ್ಟೂ ಪುಸ್ತಕ ಬೇಕಲ್ಲವೆ? ಸಂಜೆ ಕಚೇರಿ ಬಿಟ್ಟ ಮೇಲೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನು ಹಾದು ಸ್ಟೇಷನ್ನಿಗೆ ಬರುವುದು ನಮ್ಮ ವಾಡಿಕೆ. ಪಾದದಾರಿಯ ಮೇಲೆ ಗೋಣಿಯ ತಾಟನ್ನು ಹಾಸಿ ಗುಡ್ಡೆ ಹಾಕಿದ ಪುಸ್ತಕಗಳಲ್ಲಿ ಗಣಿತದ ಗೈಡು, ಜ್ಯೋತಿಷ್ಯ, ಇಂಗ್ಲೀಷು ಕಾದಂಬರಿ ಇವುಗಳ ನಡುವೆ ಒಮ್ಮೊಮ್ಮೆ ಎಂದೋ ಅಚ್ಚಾಗಿ ಎಲ್ಲಿಯೂ ಸಿಕ್ಕದ ಕನ್ನಡ ಪುಸ್ತಕವೊಂದು ತಲೆಯೆತ್ತುವುದು. ಆಗ ಎದೆ ಹೊಡೆದುಕೊಳ್ಳುವುದನ್ನು ಅಂಗಡಿಯವನಿಗೆ ತೋರಗೊಡದೆ, ಪಕ್ಕದ ಪುಸ್ತಕದ ಬೆಲೆಯನ್ನು ಮೊದಲು ಕೇಳಿ, ಅದನ್ನು ಕೆಳಗಿಟ್ಟು, ಆಮೇಲೆ ಅಸಡ್ಡೆಯಿಂದ ಎಂಬಂತೆ ಇದರ ಬೆಲೆಯನ್ನು ಕೇಳುವುದೊಂದು ವಿದ್ಯೆ. ಅಂಗಡಿಯವರಿಗೆ ಈ ವಿದ್ಯೆ ನಮಗಿಂತ ಮೊದಲೇ ಗೊತ್ತು. ನವೆಂಬರ್ ತಿಂಗಳು ಬಂದಿತೆಂದರೆ ಕನ್ನಡ ಪುಸ್ತಕ ಪ್ರಾಧಿಕಾರದವರು ರಾಜ್ಯೋತ್ಸವದ ನಿಮಿತ್ತ ತಮ್ಮ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಮಾರುವರು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ತಿಯಾದದ್ದು ೧೯೯೫ರಲ್ಲಿ. ಅದನ್ನು ನಾವು ಒಂದೊಂದಾಗಿ ಹೊತ್ತು ತಂದೆವು. ಒಂದೊಂದು ಸಂಪುಟವೂ ತೊಡೆಯ ಮೇಲಿಟ್ಟರೆ ಮಗುವಿನಷ್ಟು ಭಾರ.

ಇಂತಹ ವ್ಯಸನಕ್ಕೆ ಗೃಹಿಣಿಯರು ತರುವ ಆಕ್ಷೇಪಣೆಗಳು ಮೂರು: ಹಣ, ಸ್ಥಳ, ಗಮನ. ಮೂರೂ ನ್ಯಾಯವಾದುವೇ. ಹಣದ ವಿಷಯದಲ್ಲಿ ನಾವು ಮದುವೆಯಾದ ಹೊಸದರಲ್ಲಿಯೇ ಒಂದು ಕಟ್ಟಳೆಯನ್ನು ಮಾಡಿಕೊಂಡೆವು. ಅಕ್ಕಿಬೇಳೆ, ಹಾಲು, ಮಕ್ಕಳ ಫೀಜು, ಔಷಧ ಈ ನಾಲ್ಕು ಬಾಬುಗಳು ತೀರುವ ಮುನ್ನ ಪುಸ್ತಕದಂಗಡಿಯ ಮೆಟ್ಟಿಲನ್ನು ಹತ್ತಕೂಡದು. ಪುಸ್ತಕಕ್ಕಾಗಿ ಸಾಲ ಮಾಡಕೂಡದು. ಕೊಂಡ ಪ್ರತಿಯೊಂದರ ಬೆಲೆಯನ್ನೂ ಕಿರಾಣಿಯ ಲೆಕ್ಕದ ಪುಸ್ತಕದಲ್ಲಿಯೇ ಬರೆಯಬೇಕು. ಸ್ಥಳದ ವಿಷಯದಲ್ಲಿ ಪುಸ್ತಕವು ಅಡಿಗೆಯ ಮನೆಯ ಹೊಸ್ತಿಲನ್ನೂ ದೇವರ ಮನೆಯ ಹೊಸ್ತಿಲನ್ನೂ ದಾಟಕೂಡದೆಂದು ತೀರ್ಮಾನವಾಯಿತು. ಮೂರನೆಯದಕ್ಕೆ ಮಾತ್ರ ಕಟ್ಟಳೆ ಮಾಡುವುದು ಕಷ್ಟ. ಓದುವವನ ಮೈ ಮನೆಯಲ್ಲಿದ್ದು ಮನಸ್ಸು ಬೇರೆ ರಾಜ್ಯದಲ್ಲಿರುವುದು. ಅದಕ್ಕೆ ನಮ್ಮ ಮನೆಯಾಕೆ ಕಂಡುಕೊಂಡ ಉಪಾಯವೆಂದರೆ, ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ ನಾವು ಗಟ್ಟಿಯಾಗಿ ಓದುವುದು, ಮನೆಯವರೆಲ್ಲ ಕೇಳುವುದು. ನಮ್ಮ ಮಗಳು ಕನ್ನಡವನ್ನು ಶಾಲೆಯಲ್ಲಿ ಕಲಿತದ್ದಕ್ಕಿಂತ ಈ ಅರ್ಧ ಗಂಟೆಯಲ್ಲಿ ಕಲಿತದ್ದು ಹೆಚ್ಚು. ಮನೆಯ ಒಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಶಾಲೆಯಲ್ಲಿ ಇಂಗ್ಲೀಷು ಎಂಬಂತಿರುವ ನಮ್ಮ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಕಟ್ಟಳೆಯಿಲ್ಲದ ಪುಸ್ತಕವ್ಯಸನವು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇಂಗ್ಲೆಂಡಿನ ಸರ್ ಥಾಮಸ್ ಫಿಲಿಪ್ಸ್ (೧೭೯೨–೧೮೭೨) ನಿದರ್ಶನ. ಲೋಕದ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿಯೂ ತನ್ನಲ್ಲಿರಬೇಕೆಂದು ಹಂಬಲಿಸಿದ ಈತನು ಹಸ್ತಪ್ರತಿಗಳನ್ನೇ ಸುಮಾರು ೬೦,೦೦೦ದಷ್ಟು ಕೂಡಿಹಾಕಿದನು. ಪಿತ್ರಾರ್ಜಿತದ ಹಣ ಸಾಲದೆ ಸಾಲಗಾರನಾದನು. ಮನೆಯ ಹೆಂಗಸರಿಗೆ ಓಡಾಡಲು ಸ್ಥಳ ಉಳಿಯಲಿಲ್ಲ. ೧೮೬೩ರಲ್ಲಿ ಮನೆಯನ್ನು ಬದಲಾಯಿಸಿದಾಗ ಪುಸ್ತಕಗಳನ್ನು ಸಾಗಿಸಲು ನೂರಕ್ಕೂ ಮಿಕ್ಕ ಗಾಡಿಗಳು ಬೇಕಾದುವು. ಆತನು ಸತ್ತ ಮೇಲೆ ಆ ಭಂಡಾರವನ್ನು ಮಾರಿ ಮುಗಿಸುವುದಕ್ಕೆ ಹತ್ತಿರ ಹತ್ತಿರ ಒಂದು ಶತಮಾನ ಹಿಡಿಯಿತು.

ನಮ್ಮ ನಾಡಿನಲ್ಲಿಯೂ ಅಂತಹ ಹಂಬಲದವರೊಬ್ಬರಿದ್ದಾರೆ. ಆದರೆ ಅವರ ಹಂಬಲವು ಹೋದ ದಾರಿ ಬೇರೆ. ಮಂಡ್ಯ ಜಿಲ್ಲೆಯ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಸಂಬಳದ ಬಹುಭಾಗವನ್ನು ಪುಸ್ತಕಕ್ಕೆ ಸುರಿದರು. ಮೈಸೂರಿನಲ್ಲಿದ್ದ ಸ್ವಂತ ಆಸ್ತಿಯನ್ನೂ ಮಾರಿದರು. ಹರಳಹಳ್ಳಿಯಲ್ಲಿ ಅವರು ಕಟ್ಟಿದ ಪುಸ್ತಕದ ಮನೆಯಲ್ಲಿ ಇಪ್ಪತ್ತು ಲಕ್ಷದಷ್ಟು ಪುಸ್ತಕಗಳಿವೆಯೆಂದು ಹೇಳುವರು. ಯಾರು ಬಂದರೂ ಓದಬಹುದು, ಹಣ ಕೊಡಬೇಕಾಗಿಲ್ಲ. ಫಿಲಿಪ್ಸನಿಗೂ ಅಂಕೇಗೌಡರಿಗೂ ಇರುವ ವ್ಯತ್ಯಾಸ ಬಾಗಿಲಿನದು. ಒಬ್ಬನು ಅದನ್ನು ಮುಚ್ಚಿದನು, ಒಬ್ಬರು ತೆರೆದಿಟ್ಟರು.

ಇನ್ನು ಪುಸ್ತಕಗಳಿಗೆ ಬರುವ ಮೃತ್ಯುವಿನ ವಿಚಾರ. ಗೆದ್ದಲು, ಮಳೆಯ ನೀರು, ಬೆಂಕಿ ಇವು ಮೂರೂ ಹಳೆಯ ಶತ್ರುಗಳು. ಗೋಡೆಗೆ ತಗಲಿಸದೆ ನಾಲ್ಕು ಬೆರಳು ಮುಂದಕ್ಕೆ ಕಪಾಟನ್ನಿಟ್ಟು, ಬೇವಿನ ಎಲೆ, ಬಜೆಯ ಬೇರು, ನುಸಿಗುಳಿಗೆಗಳನ್ನು ಇಟ್ಟರೆ ಹುಳುಗಳನ್ನು ಬಹುಮಟ್ಟಿಗೆ ತಡೆಯಬಹುದು. ಬೆಂಕಿಗೆ ಮದ್ದಿಲ್ಲ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಎಂಬುವರು ನೆರೆಯವರ ಓದಿಗಾಗಿ ಕೂಡಿಸಿಟ್ಟಿದ್ದ ಹನ್ನೊಂದು ಸಾವಿರದಷ್ಟು ಪುಸ್ತಕಗಳು, ಬಹುಪಾಲು ಕನ್ನಡದವು, ೨೦೨೧ರ ಏಪ್ರಿಲ್ ೯ರಂದು ಸುಟ್ಟು ಬೂದಿಯಾದುವು. ಆ ಸುದ್ದಿಯನ್ನು ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆದರೆ ಬೆಂಕಿಗಿಂತಲೂ ಹೆಚ್ಚು ಪುಸ್ತಕಗಳನ್ನು ತಿನ್ನುವುದು ತಕ್ಕಡಿ. ಗಣಿ ಮುಚ್ಚಿದ ಬಳಿಕ ಊರಿಗಾಂ, ಚಾಂಪಿಯನ್ ರೀಫ್, ರಾಬರ್ಟ್‌ಸನ್‌ಪೇಟೆಗಳ ಎಷ್ಟೋ ಸಂಸಾರಗಳು ಹೊರಟುಹೋದುವು. ಹೊರಡುವವರು ಪಾತ್ರೆಪಡಗ, ದೇವರ ಪಟ, ಹೊಲಿಗೆಯ ಯಂತ್ರಗಳನ್ನು ಲಾರಿಗೆ ಏರಿಸಿದರು. ಪುಸ್ತಕಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದರು. ಅವರನ್ನು ನಾವು ದೂರುವುದಿಲ್ಲ. ಕೆಲಸ ಹೋದವನಿಗೆ ಮೊದಲು ಅನ್ನ, ಆಮೇಲೆ ಅಕ್ಷರ. ಆ ವರ್ಷಗಳಲ್ಲಿ ನಾವು ರದ್ದಿಯ ಅಂಗಡಿಯಿಂದ ಕೊಂಡು ತಂದ ಪುಸ್ತಕಗಳು ಮುನ್ನೂರಕ್ಕೂ ಹೆಚ್ಚು. ಕೆಲವುಗಳ ಮೊದಲ ಹಾಳೆಯಲ್ಲಿ ಮದುವೆಯ ಉಡುಗೊರೆಯೆಂದು ಬರೆದಿತ್ತು. ಕೆಲವುಗಳಲ್ಲಿ ಪಾಳಿಯ ಚೀಟಿ ಗುರುತಿಗಾಗಿ ಸಿಕ್ಕಿಸಿದಂತೆಯೇ ಉಳಿದಿತ್ತು. ಗಣಿಯ ಕೆಲಸಗಾರನೊಬ್ಬನು ಎಲ್ಲಿಯವರೆಗೆ ಓದಿ ನಿಲ್ಲಿಸಿದ್ದನೋ ಆ ಪುಟ ನಮಗೆ ತಿಳಿದಿದೆ. ಆತನ ಮುಖ ತಿಳಿಯದು.

ಈಗ ಅದೇ ತಕ್ಕಡಿಯು ನಮ್ಮ ಬಾಗಿಲಿಗೆ ಬಂದಿತು. ನಮಗೆ ಅರವತ್ತೆಂಟು ವಯಸ್ಸು. ಮನೆಯಾಕೆಗೆ ಮಂಡಿಯ ನೋವು. ನಮ್ಮ ಮಗಳು ಬೆಂಗಳೂರಿನಲ್ಲಿರುವಳು. ಕಳೆದ ದೀಪಾವಳಿಗೆ ಬಂದಾಗ ಅವಳು ಮೆಲ್ಲನೆ ವಿಷಯವನ್ನೆತ್ತಿದಳು: “ಅಪ್ಪಾ, ಇನ್ನು ನೀವಿಬ್ಬರೇ ಇಲ್ಲಿರೋದು ಬೇಡ. ನಮ್ಮ ಜೊತೆ ಬಂದುಬಿಡಿ. ನಿಮ್ಮ ಕೋಣೆಯಲ್ಲಿ ಪುಸ್ತಕಕ್ಕೆ ಒಂದು ಕಪಾಟಿನ ಜಾಗ ಮಾಡಿಸಿದ್ದೇನೆ.” ಒಂದು ಕಪಾಟು! ನಮ್ಮಲ್ಲಿರುವ ಪುಸ್ತಕಗಳು ನಾಲ್ಕು ಸಾವಿರ. ಅವಳ ಕಪಾಟಿನಲ್ಲಿ ಹಿಡಿಯುವುದು ಇನ್ನೂರು. ಅವಳ ಮಾತಿನಲ್ಲಿ ಪ್ರೀತಿಯಿತ್ತು, ವಿವೇಕವಿತ್ತು. ಆದಕಾರಣವೇ ಅದಕ್ಕೆ ಪ್ರತ್ಯುತ್ತರ ಹೇಳುವುದು ಕಷ್ಟವಾಯಿತು.

ಆ ವಾರದಲ್ಲಿ ರದ್ದಿಯವನು ತಾನಾಗಿಯೇ ಬಂದು, ಕಪಾಟುಗಳನ್ನು ಕಣ್ಣಳತೆಯಲ್ಲಿ ನೋಡಿ, “ಸ್ವಾಮಿ, ಒಂದು ಟನ್ನಿನ ಮೇಲೆ ಬರುತ್ತೆ” ಎಂದನು. ಅವನ ಅಂದಾಜು ಸರಿಯಾಗಿಯೇ ಇತ್ತು. ಗಣಿಯ ಊರಿನವರಿಗೆ ಟನ್ನೆಂಬ ಮಾತು ಹೊಸದಲ್ಲ. ಕೊನೆಯ ಕಾಲದಲ್ಲಿ ಒಂದು ಟನ್ನು ಕಲ್ಲನ್ನು ಪಾತಾಳದಿಂದ ಎತ್ತಿ, ಕುಟ್ಟಿ, ಅರೆದರೆ ಸಿಕ್ಕುತ್ತಿದ್ದ ಚಿನ್ನ ಮೂರು ನಾಲ್ಕು ಗ್ರಾಂ. ಒಂದು ಟನ್ನು ಪುಸ್ತಕದಿಂದ ನಮಗೆ ದಕ್ಕಿದ್ದೇನು? ಲೆಕ್ಕ ಹಾಕಲು ಕುಳಿತೆವು. ಓದಿ ಮುಗಿಸಿದ್ದು ಎರಡು ಸಾವಿರದ ಎಂಟುನೂರು. ಅವುಗಳಲ್ಲಿ ಮತ್ತೊಮ್ಮೆ ಓದಬೇಕೆನಿಸುವುವು ನೂರೈವತ್ತು ಇರಬಹುದು. ಓದದೆ ಉಳಿದದ್ದು ಸಾವಿರದ ಇನ್ನೂರು. ಈಗಿನ ಕಣ್ಣಿಗೆ ವರ್ಷಕ್ಕೆ ಐವತ್ತಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅಂದರೆ ಇರುವುದನ್ನೇ ಮುಗಿಸಲು ಇಪ್ಪತ್ತನಾಲ್ಕು ವರ್ಷ ಬೇಕು; ನಮಗೆ ಆಗ ತೊಂಬತ್ತೆರಡು ತುಂಬಿರುವುದು. ಕಾಗದದ ಮೇಲೆ ಈ ಅಂಕೆಗಳನ್ನು ಬರೆದು ನೋಡಿದಾಗ, ಪುಸ್ತಕದ ಲೆಕ್ಕವು ಆಯುಷ್ಯದ ಲೆಕ್ಕವಾಗಿ ಕಂಡಿತು. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬಂದೆವು. ಮನೆಯ ಮುಂದಿನಿಂದ ಸಯನೈಡು ಗುಡ್ಡ ಕಾಣಿಸುವುದು. ಅರೆದು ಬಿಸಾಡಿದ ಆ ಮಣ್ಣಿನಲ್ಲಿ ಇನ್ನೂ ಚಿನ್ನದ ಅಂಶವಿದೆಯೆಂದೂ ಅದನ್ನು ಮತ್ತೆ ತೆಗೆಯಬಹುದೆಂದೂ ಬಲ್ಲವರು ಬಹುಕಾಲದಿಂದ ಹೇಳುತ್ತಿರುವರು. ಓದಿ ಮುಗಿಸಿದ ಪುಸ್ತಕವೂ ಹಾಗೆಯೇ. ನಮಗೆ ಬೇಕಾದುದನ್ನು ನಾವು ತೆಗೆದುಕೊಂಡಿದ್ದೇವೆ. ಉಳಿದುದು ಬೇರೊಬ್ಬರ ಭಾಗ್ಯ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ದಾನಮಾಡಿದಳೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗ್ರಂಥವನ್ನು ಕೈಯಿಂದ ಕೈಗೆ ದಾಟಿಸುವುದೇ ಅದನ್ನು ಉಳಿಸುವ ಉಪಾಯವೆಂದು ಆ ತಾಯಿಗೆ ಗೊತ್ತಿತ್ತು. ರದ್ದಿಯವನಿಗೆ ಕೈಮುಗಿದು ಕಳುಹಿಸಿದೆವು. ನಾವೂ ಮನೆಯಾಕೆಯೂ ಕುಳಿತು, ಎರಡು ತಿಂಗಳ ಕಾಲ, ದಿನಕ್ಕೆ ಎಪ್ಪತ್ತರಂತೆ ಪುಸ್ತಕಗಳನ್ನು ಧೂಳು ಕೊಡವಿ ವಿಂಗಡಿಸಿದೆವು. ಹಳೆಯದಾಗಿ ಬೇರೆಲ್ಲಿಯೂ ಸಿಕ್ಕದವುಗಳನ್ನು ಒಂದು ಕಡೆ ಇಟ್ಟೆವು. ಈಗ ಹಳೆಯ ಕನ್ನಡ ಪುಸ್ತಕಗಳು ಸಾವಿರಾರು ಸಂಖ್ಯೆಯಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಚಿತ್ರರೂಪದಲ್ಲಿ ದೊರೆಯುವುವು. ಅಲ್ಲಿರುವುವನ್ನು ಗುರುತಿಸಿ ಅಗಲುವುದು ಅಷ್ಟು ಕಷ್ಟವಾಗಲಿಲ್ಲ. ಮಕ್ಕಳ ಪುಸ್ತಕಗಳನ್ನೂ ಕಥೆ ಕಾದಂಬರಿಗಳನ್ನೂ ಗ್ರಾಮಪಂಚಾಯಿತಿಗಳ ಪುಸ್ತಕಾಲಯಗಳಿಗೆಂದು ಕಟ್ಟಿದೆವು. ಅರಿವು ಕೇಂದ್ರಗಳೆಂದು ಈಗ ಕರೆಯಲಾಗುವ ಈ ಪುಸ್ತಕಾಲಯಗಳು ನಮ್ಮ ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕು ಇವೆ. ಮನೆಯಲ್ಲಿ ಪುಸ್ತಕ ಹೆಚ್ಚಾದ ಗೃಹಸ್ಥರು ತಮ್ಮ ಹತ್ತಿರದ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಕೊಡುವ ಮುನ್ನ ಹರಿದುದನ್ನು ಅಂಟಿಸಿ, ಒಂದು ಪಟ್ಟಿಯನ್ನು ಬರೆದು ಜೊತೆಗಿಡುವುದು ಒಳ್ಳೆಯದು. ಪಟ್ಟಿಯಿಲ್ಲದ ಪುಸ್ತಕದ ಮೂಟೆಯು ಮೂಟೆಯಾಗಿಯೇ ಮೂಲೆಯಲ್ಲಿ ಉಳಿಯುವುದುಂಟು.

ಬಂಗಾರಪೇಟೆಯ ಸಮೀಪದ ಹಳ್ಳಿಯೊಂದಕ್ಕೆ ಮೊದಲ ಕಂತನ್ನು ನಾವೇ ಆಟೋದಲ್ಲಿ ತೆಗೆದುಕೊಂಡು ಹೋದೆವು. ಕಟ್ಟನ್ನು ಬಿಚ್ಚುವ ಮುನ್ನವೇ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು, “ತಾತಾ, ಇದನ್ನು ಮನೆಗೆ ತೊಗೊಂಡು ಹೋಗಬಹುದಾ?” ಎಂದು ಕೇಳಿದಳು. ಅವಳ ಕೈಯಲ್ಲಿದ್ದುದು, ರದ್ದಿಯ ಅಂಗಡಿಯಿಂದ ನಾವು ತಂದಿದ್ದ, ಪಾಳಿಯ ಚೀಟಿಯಿದ್ದ ಪುಸ್ತಕ. ಚೀಟಿಯನ್ನು ತೆಗೆಯದೆ ಹಾಗೆಯೇ ಕೊಟ್ಟೆವು.

ಉಳಿದ ಇನ್ನೂರನ್ನು ಆರಿಸುವುದು ನಮಗೆ ಕಷ್ಟವಾದೀತೆಂದು ನಮ್ಮ ಮನೆಯಾಕೆ ಆ ಭಾರವನ್ನು ತಾನೇ ವಹಿಸಿಕೊಂಡಳು. ಮೊದಲನೆಯ ಅರೆಯಲ್ಲಿ ಅವಳು ಇಟ್ಟದ್ದು ನಮ್ಮ ತಾಯಿಯವರು ದಬ್ಬಣದಿಂದ ಹೊಲಿದ ಇಪ್ಪತ್ತಮೂರು ಪುಸ್ತಕಗಳು. ಎರಡನೆಯದರಲ್ಲಿ ನಿಘಂಟು. ಮೂರನೆಯದರಲ್ಲಿ ರಾತ್ರಿಯ ಅರ್ಧ ಗಂಟೆಯಲ್ಲಿ ನಾವು ಓದಿದ, ಮಗಳು ಕೇಳುತ್ತ ಬೆಳೆದ ಪುಸ್ತಕಗಳು. ಯಾವುವೆಂದು ಅವಳಿಗೆ ಒಂದೊಂದೂ ನೆನಪಿತ್ತು. ನಾಲ್ಕನೆಯದನ್ನು ನಮ್ಮ 'ಇನ್ನೂ ಓದಬೇಕು' ಎಂಬ ಗುಡ್ಡೆಯಿಂದ ತುಂಬಿದಳು. ಐದನೆಯ ಅರೆಯನ್ನು ಬರಿದಾಗಿಯೇ ಬಿಟ್ಟಳು. ಅಲ್ಲಿ ಇನ್ನೂ ನಲವತ್ತು ಪುಸ್ತಕಗಳಿಗೆ ಸ್ಥಳವಿದೆಯಲ್ಲ ಎಂದು ನಾವು ಆಸೆಯಿಂದ ಹೇಳಿದಾಗ ಅವಳು ಬಟ್ಟೆಯಿಂದ ಆ ಹಲಗೆಯನ್ನು ಒರೆಸುತ್ತ ನುಡಿದಳು: “ಅದು ಹಾಗೇ ಇರಲಿ ಬಿಡಿ. ಬೆಂಗಳೂರಿಗೆ ಹೋದ ಮೇಲೆ ಅವೆನ್ಯೂ ರಸ್ತೆ ಇನ್ನೂ ಹತ್ತಿರ. ನೀವು ಸುಮ್ಮನಿರುವವರೇ?”